ಯಾರೂ ರುಚಿ ನೋಡದ ಗಂಜಿ

ನಾಲ್ಕನೆಯ ಟಾಂಕಿಯೂ ಉಸಿರಾಡಲಿಲ್ಲ.

ಟಾಂಕಿಯ ನೆತ್ತಿಯಿಂದ ಇಳಿದ ಪೈಪಿನ ತುದಿ ನೀರು ತುಂಬಿದ ಬಕೀಟಿನೊಳಗೆ ಮುಳುಗಿತ್ತು. ಒಳಗೆ ಯೀಸ್ಟ್ ಕೆಲಸ ಮಾಡುತ್ತಿದ್ದರೆ ಆ ನೀರಿನಲ್ಲಿ ಗುಳುಗುಳು ಗುಳ್ಳೆ ಏಳಬೇಕು. ಜಿಲಾನಸಾಬ ಬೆಳಗಿನಿಂದ ಬಕೀಟಿನ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದ. ನೀರು ಎಷ್ಟು ಸುಮ್ಮನಿತ್ತೆಂದರೆ, ಅದರಲ್ಲಿ ಅವನ ಗಡ್ಡದ ಕೂದಲನ್ನು ಒಂದೊಂದಾಗಿ ಎಣಿಸಬಹುದಿತ್ತು.

"ಇಪ್ಪತ್ತಾರು" ಎಂದಳು ಹಿಂದೆ ನಿಂತಿದ್ದ ಪಕ್ಕೀರವ್ವ.

"ಏನಕ್ಕಾ ಅದು?"

"ನಿನ್ನ ಗಡ್ಡದಾಗಿನ ಬಿಳಿ ಕೂದಲ. ಮೊನ್ನಿ ನಿನ್ನ ಹೇಣ್ತಿ ಹದಿನಾಕು ಅಂದಿದ್ಲು."

ಹತ್ತು ದಿನದಲ್ಲಿ ಮೂರು ಟಾಂಕಿ ಸತ್ತು, ಯೀಸ್ಟ್ ನೋಡಿಕೊಳ್ಳುವ ಜಿಲಾನಸಾಬನೇ ವಿಷ ಹಾಕಿದ್ದಾನೆಂದು ಆರೋಪ ಬಂದು, ಅವನ ಹೆಂಡತಿ ಇಮಾಮಬಾನು ಪಕ್ಕೀರವ್ವನ ಬಾಗಿಲು ಬಡಿದದ್ದು ಓದುಗರಿಗೆ ಗೊತ್ತೇ ಇದೆ. ಗೊತ್ತಿಲ್ಲದವರಿಗೆ ಈಗ ಗೊತ್ತಾಯಿತು.

ಬೂಟಿನ ಸದ್ದು ಕೇಳಿತು. ಮ್ಯಾನೇಜರ್ ಮರಿಸ್ವಾಮಿ ಬಂದ. ಯಲಬುರ್ಗಾ ಕಡೆಯ ಮನುಷ್ಯ; ಬಾಯಿ ತೆರೆಯುವ ಮುಂಚೆ ಗಡಿಯಾರ ನೋಡುವ ಅಭ್ಯಾಸ. ಕೈಯಲ್ಲಿ ನಾಲ್ಕು ಮಡಿಕೆ ಮಾಡಿದ ಕಾಗದವಿತ್ತು.

"ಏನ್ರಿ ಪಕ್ಕೀರವ್ವಾರ, ಪತ್ತೆ ಹತ್ತಿತೇನು? ಈಗ ಹತ್ತು ಗಂಟಿ. ನಾಕಕ್ಕ ಸರಿಯಾಗಿ ನಾ ಗಂಗಾವತಿ ಠಾಣೆಕ್ಕ ಹೊಂಟೆ. ಕಂಪ್ಲೇಂಟ್ ಬರದಾಗೈತಿ, ಸಹೀನೂ ಬಿದ್ದೈತಿ. ಈ ಟಾಂಕಿನೂ ಹೋತಂದ್ರ ಜಿಲಾನಸಾಬ ನನ್ನ ಜೋಡಿ ಗಾಡ್ಯಾಗ ಬರಬೇಕಾಕ್ಕೈತಿ."

"ಗಾಡ್ಯಾಗ ಇನ್ನೊಬ್ಬರಿಗೆ ಜಾಗಾ ಐತೇನ್ರಿ ಸಾಹೇಬ್ರ?"

"ಯಾಕ್ರಿ?"

"ಅಷ್ಟರಾಗ ಖರೇ ಕಳ್ಳ ಸಿಕ್ಕರ, ಅವನೂ ಕೂಡ್ರಬೇಕಲ್ರಿ."

ಮರಿಸ್ವಾಮಿ ನಗಲಿಲ್ಲ. ಗಡಿಯಾರ ನೋಡಿದ.

ಕಾರ್ಖಾನೆಯ ಬೋರ್ಡಿನ ಮೇಲೆ ಉದ್ದನೆಯ ಇಂಗ್ಲಿಷ್ ಹೆಸರಿತ್ತು. ಶ್ರೀರಾಮನಗರದಿಂದ ಹುಲಿಹೈದರದವರೆಗೆ ಎಲ್ಲರೂ ಅದನ್ನು ನುಚ್ಚಿನ ಫ್ಯಾಕ್ಟರಿ ಎಂದೇ ಕರೆಯುತ್ತಿದ್ದರು. ಸುತ್ತಲಿನ ಅಕ್ಕಿ ಗಿರಣಿಗಳಲ್ಲಿ ಅಕ್ಕಿ ಮುರಿದು ನುಚ್ಚಾದದ್ದೆಲ್ಲ ಲಾರಿ ಹತ್ತಿ ಇಲ್ಲಿಗೆ ಬರುತ್ತಿತ್ತು. ಮೊದಲು ಆ ನುಚ್ಚನ್ನು ಕೋಳಿಗಳು ತಿನ್ನುತ್ತಿದ್ದವು. ಈಗ ಅದು ಇಥೆನಾಲ್ ಆಗಿ, ಪೆಟ್ರೋಲಿನಲ್ಲಿ ಬೆರೆತು, ಮೋಟಾರ್ ಸೈಕಲ್ಲುಗಳ ಹೊಟ್ಟೆ ಸೇರುತ್ತದೆ. ಕೋಳಿಗಳು ಈ ಬಗ್ಗೆ ಏನನ್ನೂ ಹೇಳಿಲ್ಲ.

ಪಕ್ಕೀರವ್ವನಿಗೆ ನುಚ್ಚು ಹೊಸದಲ್ಲ. ಇಪ್ಪತ್ತೆರಡು ವರ್ಷ ಗಂಗಾವತಿಯ ಗಿರಣಿಗಳಲ್ಲಿ ಅವಳದು ಅಕ್ಕಿಯ ರುಚಿ ನೋಡುವ ಕೆಲಸ. ಮೂರು ಕಾಳು ಅಗಿದರೆ ಸಾಕು, ಯಾವ ಉಪಕಾಲುವೆಯ ನೀರು, ಭತ್ತ ಎಷ್ಟು ದಿನ ಕಣದಲ್ಲಿ ಒಣಗಿದೆ ಎಂದು ಹೇಳಿಬಿಡುತ್ತಿದ್ದಳು. ಒಮ್ಮೆ ವಿರೂಪಾಪುರಗಡ್ಡೆಯ ಅಕ್ಕಿ ಅಗಿದು, "ಈ ಹೊಲದ ಬದುವಿನ ಮ್ಯಾಲ ಹುಣಸಿಗಿಡ ಐತಿ, ಮಾಲಕನ ಎಮ್ಮಿದು ಎಡಗೊಂಬು ಮುರದೈತಿ" ಎಂದಿದ್ದಳು. ಜನ ತೆಪ್ಪ ಹತ್ತಿ ಹೋಗಿ ನೋಡಿಬಂದರು. ಹುಣಸೆಗಿಡ ಇತ್ತು. ಎಮ್ಮೆಯ ಮುರಿದ ಕೊಂಬು ಮಾತ್ರ ಬಲಗಡೆಯದು. ಅವಳು ಎಮ್ಮೆಯನ್ನು ಎದುರಿನಿಂದ ಊಹಿಸಿಕೊಂಡಿದ್ದಳು, ಅಷ್ಟೇ ವ್ಯತ್ಯಾಸ.

ಅಕ್ಕಿಯಲ್ಲಿ ಕಲ್ಲು ಹಿಡಿದವಳಿಗೆ ಮನುಷ್ಯರಲ್ಲಿ ಕಳ್ಳ ಹಿಡಿಯುವುದು ಏನು ದೊಡ್ಡದು ಎಂದು ಊರಿನವರೇ ಅವಳನ್ನು ಪತ್ತೇದಾರಳನ್ನಾಗಿ ಮಾಡಿದ್ದರು.

"ಗಾಳೆಪ್ಪನ್ನ ಕರೀರಿ" ಎಂದಳು. "ನನಗ ಮೊದಲಿಂದ ಹೇಳಲಿ. ಲಾರಿಯಾಗಿನ ನುಚ್ಚು ಟಾಂಕಿಗೆ ಹೆಂಗ ಬಂತು?"

ಗಾಳೆಪ್ಪ ಗಂಜಿ ಬೇಯಿಸುವ ವಿಭಾಗದ ಮುಖ್ಯಸ್ಥ. ಮೊದಲು ಮೂವತ್ತು ವರ್ಷ ಗಿರಣಿಯ ಬಾಯ್ಲರ್ ಮುಂದೆ ನಿಂತವನು. ಅವನ ಮೈಯಿಂದ ಈಗಲೂ ಉಗಿ ಬರುತ್ತದೆ ಎಂದು ಹೇಳುವವರಿದ್ದಾರೆ. ಚಳಿಗಾಲದಲ್ಲಿ ಅವನ ಪಕ್ಕ ಕೂರಲು ಕ್ಯಾಂಟೀನಿನಲ್ಲಿ ಜಗಳವಾಗುತ್ತಿತ್ತು.

"ಏನಿಲ್ರಿ ಯವ್ವಾ" ಎಂದ ಗಾಳೆಪ್ಪ. "ನಿಮ್ಮ ಅಡಿಗಿಮನಿ ಇದ್ದಂಗ. ಸೌಟು ಅಷ್ಟ ದೊಡ್ಡದು. ನುಚ್ಚು ಹಿಟ್ಟು ಮಾಡತೀವಿ. ನೀರು ಕೂಡಿಸಿ ಉಗಿ ಕೊಡತೀವಿ. ಕುದ್ದು ಕುದ್ದು ಗೋಂದಿನಂಗ ಗಟ್ಟಿ ಆಕ್ಕೈತಿ. ಆವಾಗ ಒಂದನೇ ಡ್ರಮ್ಮಿನ ಎಂಜೈಮ್ ಹಾಕತೀನಿ. ಗೋಂದು ಹೋಗಿ ಮಜ್ಜಿಗಿ ಆಕ್ಕೈತಿ."

"ಆಮ್ಯಾಲ?"

"ಆರಿಸಿ, ಎರಡನೇ ಡ್ರಮ್ಮಿಂದು ಹಾಕತೀನಿ. ಅದು ಆ ಮಜ್ಜಿಗೀನ ಸಕ್ಕರಿ ಮಾಡತೈತಿ. ಇನ್ನಷ್ಟು ಆರಿಸಿ ಟಾಂಕಿಗೆ ಬಿಟ್ಟರ ನನ್ನ ಕೆಲಸ ಮುಗೀತು. ಅಲ್ಲಿಂದ ಜಿಲಾನಸಾಬಂದು."

"ನನ್ನ ಯೀಸ್ಟ್ ಆ ಸಕ್ಕರಿ ತಿಂತಾವಕ್ಕಾ" ಎಂದ ಜಿಲಾನಸಾಬ. ಗಂಗಾವತಿಯಲ್ಲಿ ಅವನಿಗೆ ಬೇಕರಿ ಇತ್ತು. ಅವನ ಬ್ರೆಡ್ಡು ಎಷ್ಟು ಹಗುರವೆಂದರೆ, ಫ್ಯಾನ್ ಹಾಕುವ ಮುಂಚೆ ಅದರ ಮೇಲೆ ತೂಕದ ಕಲ್ಲು ಇಡಬೇಕಾಗುತ್ತಿತ್ತು. "ಮೂರು ದಿನ ತಿಂದು, ಗಾಳಿ ಬಿಟ್ಟು, ಸಕ್ಕರೀನ ಸ್ಪಿರಿಟ್ ಮಾಡ್ತಾವ. ಆಮ್ಯಾಲ ಅದನ್ನ ಕುದಿಸಿ, ಆವಿ ಹಿಡದು, ಅದರಾಗಿನ ಕಡೀ ಹನಿ ನೀರು ಸೈತ ತಗದು, ಟ್ಯಾಂಕರಿಗೆ ತುಂಬತಾರ. ಅಷ್ಟ."

"ಒಂದನೇ ಡ್ರಮ್ಮು ತೆಳ್ಳಗ ಮಾಡತೈತಿ. ಎರಡನೇದು ಸಿಹಿ ಮಾಡತೈತಿ. ಹೌದಲ್ಲೋ?"

"ಹೌದ್ರಿ."

"ಸಿಹಿ ಆತೋ ಇಲ್ಲೋ ಹೆಂಗ ಗೊತ್ತಾಕ್ಕೈತಿ?"

"ಮೀಟರ್ ಐತಲ್ರಿ. ನಾಕೂ ಟಾಂಕಿಗೆ ಇಪ್ಪತ್ತೆರಡು ತೋರಿಸೈತಿ. ಪೂರಾ ಸಕ್ಕರಿ."

"ಮೀಟರ್ ಇರಲಿ. ನಿನ್ನ ಬಾಯಿ ಏನಂತೈತಿ?"

ಗಾಳೆಪ್ಪ ಅವಳನ್ನು ನೋಡಿದ ರೀತಿಗೆ ಒಂದು ಕ್ಷಣ ಬಾಯ್ಲರ್ ಕೂಡ ತಣ್ಣಗಾದಂತಾಯಿತು.

"ಕೊರಳಾಗ ರುದ್ರಾಕ್ಷಿ ಐತ್ರಿ ಯವ್ವಾ. ನಾ ಸೆರೆ ಮುಟ್ಟಲೇನು?"

ಪಕ್ಕೀರವ್ವ ಜಿಲಾನಸಾಬನ ಕಡೆ ತಿರುಗಿದಳು.

"ತೌಬಾ ಅಕ್ಕಾ. ಕೈಯಿಂದ ಮಾಡತೀನಿ, ಅದು ಗಾಡಿಗೆ. ನಾಲಿಗಿಗೆ ಹಚ್ಚಿದ್ರ ಮನ್ಯಾಗ ಇಮಾಮಬಾನು ನನಗ ನೀರೂ ಕೊಡಂಗಿಲ್ಲ."

"ಸಾಹೇಬ್ರ, ನೀವು?"

"ನಾನು ಹುಲಿಗೆಮ್ಮನ ಮುಂದ ತಾಯಿಗೆ ಮಾತು ಕೊಟ್ಟೀನಿ" ಎಂದ ಮರಿಸ್ವಾಮಿ, ಎದೆ ಮುಟ್ಟಿಕೊಂಡು. "ಒಂದು ಹನಿ ಇಲ್ಲ."

ಕಾರ್ಖಾನೆಯಲ್ಲಿ ನಲವತ್ತೆರಡು ಮಂದಿ ಕೆಲಸ ಮಾಡುತ್ತಿದ್ದರು. ಟಾಂಕಿ ಮೇಲೆ ಟಾಂಕಿ ಸಾಯುತ್ತಿದ್ದರೂ ಒಬ್ಬರೂ ಅದಕ್ಕೆ ಬೆರಳು ಅದ್ದಿ ನೆಕ್ಕಿರಲಿಲ್ಲ. ಕುಡಿಯದವರಿಗೆ ಧರ್ಮದ ಭಯ. ಕುಡಿಯುವವರಿಗೆ, ಕೆಲಸದ ಹೊತ್ತಿನಲ್ಲಿ ಕುಡಿದನೆಂಬ ಹೆಸರು ಬರುವ ಭಯ. ಹೀಗಾಗಿ ಎರಡು ಲಕ್ಷ ಲೀಟರಿನ ಟಾಂಕಿ ಎಲ್ಲರ ಕಣ್ಣೆದುರು ನಿಂತಿತ್ತು, ಒಂದು ನಾಲಿಗೆಯೂ ಅದರ ಹತ್ತಿರ ಸುಳಿದಿರಲಿಲ್ಲ.

ಪಕ್ಕೀರವ್ವ ಸೆರಗು ಸಿಕ್ಕಿಸಿಕೊಂಡು ಟಾಂಕಿಯ ನಲ್ಲಿ ತಿರುವಿದಳು. ಸ್ಟೀಲ್ ಲೋಟದಲ್ಲಿ ಬೂದುಬಿಳಿ ಗಂಜಿ ತುಂಬಿತು. ಬೆರಳು ಅದ್ದಿದಳು. ನೆಕ್ಕಿದಳು.

ಮೂವರೂ ಒಂದೊಂದು ಹೆಜ್ಜೆ ಹಿಂದೆ ಸರಿದರು. ಅವಳು ಕಣ್ಣು ಮುಚ್ಚಿ, ತುಟಿ ಚಪ್ಪರಿಸಿ, ಇನ್ನೊಂದು ಬೆರಳು ನೆಕ್ಕಿದಳು.

"ಕಾಲುವಿ ಕಡೀ ತುದೀ ಹೊಲದ ನುಚ್ಚು" ಎಂದಳು. "ಎರಡು ಗಿರಣಿದು ಕೂಡಿಸ್ಯಾರ. ಸಪ್ಪಗೈತಿ."

"ಸಪ್ಪಗ ಅಂದ್ರ?" ಎಂದ ಮರಿಸ್ವಾಮಿ.

"ಉಪ್ಪು ಮರತ ಅಂಬಲಿ ಇದ್ದಂಗ. ಸಿಹೀನೂ ಇಲ್ಲ, ಸೆರೀನೂ ಇಲ್ಲ. ಸಾಹೇಬ್ರ, ಒಂದು ಮಾತು ಹೇಳ್ರಿ. ತಾಟು ಹಚ್ಚಿ ಊಟಕ್ಕ ಬಡಿಸೀರಿ. ಉಣ್ಣಾಂವ ಉಣ್ಣೂಕಿಂತ ಮೊದಲ ಸತ್ತ. ತಾಟಿನ್ಯಾಗ ಏನಿರತೈತಿ?"

"ಊಟ."

"ಯೀಸ್ಟ್ ಸತ್ತಿದ್ರ ಈ ಟಾಂಕ್ಯಾಗ ಸಕ್ಕರಿ ಹಂಗ ಕುಂತಿರಬೇಕಿತ್ತು. ನನ್ನ ನಾಲಿಗಿಗೆ ಸಕ್ಕರಿ ಹತ್ತವಲ್ದು. ಉಣ್ಣಾಂವ ಸತ್ತಿಲ್ರಿ. ನೀವು ಬಡಿಸೇ ಇಲ್ಲ."

ಜಿಲಾನಸಾಬ ಬಕೀಟಿನ ಮುಂದಿನಿಂದ ಎದ್ದು ನಿಂತ. ಹತ್ತು ದಿನದಲ್ಲಿ ಅವನು ನೆಟ್ಟಗೆ ನಿಂತದ್ದು ಅದೇ ಮೊದಲು.

"ನಾಲಿಗಿ ಮಾತು ಕೇಳಿ ಮಾಲಕರಿಗೆ ಏನ್ ಹೇಳಲಿ?" ಎಂದ ಮರಿಸ್ವಾಮಿ. "ಮೀಟರ್ ಇಪ್ಪತ್ತೆರಡು ಅಂತೈತಿ."

"ಮೀಟರಿಗೆ ಸಕ್ಕರಿ ಯಾವುದು, ಗಂಜಿ ಯಾವುದು ಗೊತ್ತಾಗಂಗಿಲ್ರಿ ಸರ್" ಎಂದಿತು ಬಾಗಿಲ ಕಡೆಯಿಂದ ಒಂದು ದನಿ.

ಲ್ಯಾಬಿನ ಶಾಂಭವಿ. ಕುಷ್ಟಗಿಯ ತವರಿನಲ್ಲಿ ಬಾಣಂತನ ಮುಗಿಸಿ ಅಂದೇ ಕೆಲಸಕ್ಕೆ ಮರಳಿದ್ದಳು. ಅವಳಿಲ್ಲದ ತಿಂಗಳುಗಳಲ್ಲಿ ಲ್ಯಾಬಿನಲ್ಲಿ ಸಕ್ಕರೆ ಅಳೆಯುವ ದೊಡ್ಡ ಯಂತ್ರ ಕೆಟ್ಟು ಮೂಲೆ ಸೇರಿತ್ತು. ಮೀಟರ್ ಓದಿ ಬರೆಯುವುದಷ್ಟೇ ಪರೀಕ್ಷೆಯಾಗಿತ್ತು.

"ನೀರಾಗ ಏನರ ಕರಗಿದ್ರ ಸಾಕು, ಆ ಮೀಟರ್ ನಂಬರ್ ತೋರಸ್ತೈತ್ರಿ. ತೆಳ್ಳಗಾದ ಗಂಜಿಗೂ ಇಪ್ಪತ್ತೆರಡು, ಸಕ್ಕರಿ ನೀರಿಗೂ ಇಪ್ಪತ್ತೆರಡು. ಅಕ್ಕಾರ ಹೇಳೂದು ಖರೇ ಇರಬಹುದು."

"ಇರಬಹುದು ಅಂದ್ರ ಠಾಣ್ಯಾಗ ನಡೆಯಂಗಿಲ್ಲ" ಎಂದ ಮರಿಸ್ವಾಮಿ.

"ಹೌದು, ನಡೆಯಂಗಿಲ್ಲ" ಎಂದಳು ಪಕ್ಕೀರವ್ವ. "ತಂಗೀ, ಗಂಜಿ ಇದ್ರ ಬಣ್ಣ ತೋರಸೋ ಔಷಧ ಐತಲಾ ನಿನ್ನಂತ್ಯಾಕ?"

"ಅಯೋಡಿನ್ ಐತ್ರಿ."

"ತಗೊಂಡು ಬಾ. ಮೂರು ಗಾಜಿನ ಲೋಟ, ಒಂದು ಬೋಗುಣಿ ಉಗುರು ಬೆಚ್ಚನ ನೀರೂ ಬೇಕು. ಜಿಲಾನಿ, ಕ್ಯಾಂಟೀನಿಂದ ಒಂದು ಚಮಚ ಸಕ್ಕರಿ ಇಸಗೊಂಡು ಬಾರೋ ತಮ್ಮಾ."

ಮೇಜು ಬಂತು. ಲೋಟಗಳು ಬಂದವು. ಸುದ್ದಿ ಅವುಗಳಿಗಿಂತ ಮುಂಚೆ ಹೋಗಿ, ನಲವತ್ತೆರಡು ಮಂದಿಯಲ್ಲಿ ಮೂವತ್ತೊಂಬತ್ತು ಮಂದಿಯನ್ನು ಕರೆತಂದಿತು.

ಮೂರೂ ಲೋಟಕ್ಕೆ ಟಾಂಕಿಯ ಗಂಜಿಯನ್ನೇ ತುಂಬಿದರು. ಮೊದಲನೆಯದನ್ನು ಹಾಗೇ ಬಿಟ್ಟಳು. ಎರಡನೆಯದಕ್ಕೆ ಚಮಚ ಸಕ್ಕರೆ ಹಾಕಿ ಕಲಕಿದಳು. ಮೂರನೆಯದನ್ನು ಎತ್ತಿಕೊಂಡು, ಎಲ್ಲರ ಮುಖವನ್ನು ಒಮ್ಮೆ ನೋಡಿ, ಅದರೊಳಗೆ ಉಗುಳಿದಳು.

ಒಮ್ಮೆ ಅಲ್ಲ. ನಾಲ್ಕು ಸಲ. ಗುರಿಯಿಟ್ಟು.

"ಯವ್ವಾ" ಎಂದ ಗಾಳೆಪ್ಪ.

"ಇಪ್ಪತ್ತೆರಡು ವರ್ಷ ಅಕ್ಕಿ ಅಗದೀನಿ ಗಾಳೆಪ್ಪಾ. ಹಸೀ ಅಕ್ಕಿ ಬಾಯಾಗ ಬಾಳೊತ್ತು ಇಟ್ಟುಕೊಂಡ್ರ ಸಿಹಿ ಆಕ್ಕೈತಿ. ಬಾಯಾಗ ಸಕ್ಕರಿ ಯಾರು ಹಾಕಿದ್ರು? ಯಾರೂ ಹಾಕಿಲ್ಲ. ನಿನ್ನ ಡ್ರಮ್ಮಿನಾಗಿನ ಸಾಮಾನು ಒಂಚೂರು ನಮ್ಮ ಉಗುಳಿನ್ಯಾಗೂ ಐತಿ. ದೇವರು ಪುಕ್ಕಟೆ ಕೊಟ್ಟಾನ."

ಶಾಂಭವಿ ನಗು ತಡೆದುಕೊಂಡು ಹೇಳಿದಳು, "ಖರೇ ಐತ್ರಿ. ಆದ್ರ ಟಾಂಕಿ ಗಂಜಿ ಹುಳಿ ಐತಿ. ಹುಳಿಯೊಳಗ ಉಗುಳು ಕೆಲಸ ಮಾಡಂಗಿಲ್ರಿ ಅಕ್ಕಾರ."

"ಸೋಡಾ" ಎಂದ ಜಿಲಾನಸಾಬ ತಟ್ಟನೆ. ಬೇಕರಿ ಮುಚ್ಚಿ ಎಷ್ಟು ವರ್ಷವಾದರೂ ಅವನ ಅಂಗಿಯ ಜೇಬಿನಲ್ಲಿ ಅಡಿಗೆ ಸೋಡಾದ ಪೊಟ್ಟಣ ಇದ್ದೇ ಇರುತ್ತಿತ್ತು. ಒಂದು ಚಿಟಿಕೆ ಉಗುಳಿನ ಲೋಟಕ್ಕೆ ಹಾಕಿದ. ಮೋಸವಾಯಿತು ಅನ್ನಬಾರದೆಂದು ಮೊದಲ ಲೋಟಕ್ಕೂ ಒಂದು ಚಿಟಿಕೆ ಹಾಕಿದ. ಮೂರೂ ಲೋಟವನ್ನು ಬೆಚ್ಚನೆಯ ನೀರಿನ ಬೋಗುಣಿಯಲ್ಲಿಟ್ಟರು.

ಅರ್ಧ ಗಂಟೆ ಎಲ್ಲರೂ ಲೋಟಗಳನ್ನೇ ನೋಡುತ್ತ ನಿಂತರು. ಒಬ್ಬ ಸೀನಿದ; ಉಳಿದ ಮೂವತ್ತೆಂಟು ಮಂದಿ ಅವನನ್ನು ನೋಡಿದ ರೀತಿಗೆ ಅವನು ಮುಂದಿನ ಸೀನನ್ನು ನುಂಗಿಕೊಂಡ.

ಮೊದಲು ಎದ್ದದ್ದು ಸಕ್ಕರೆಯ ಲೋಟ. ಅಂಚಿನಲ್ಲಿ ಸಾಸಿವೆ ಗಾತ್ರದ ಗುಳ್ಳೆಗಳು ಬಂದವು. ಒಂದು, ಐದು, ಸಾಲು, ಉಂಗುರ. ನೋಡನೋಡುತ್ತ ಲೋಟದ ಮೇಲೆ ಬಿಳಿ ನೊರೆಯ ಟೋಪಿ ಕೂತಿತು.

"ಜೀವಂತ ಅದಾವ" ಎಂದ ಜಿಲಾನಸಾಬ. "ನನ್ನ ಯೀಸ್ಟ್ ಜೀವಂತ ಅದಾವ. ಪಾಪ, ಉಪಾಸ ಬಿದ್ದಾವ."

ಶಾಂಭವಿ ಮೊದಲ ಲೋಟಕ್ಕೆ ಅಯೋಡಿನ್ ಹನಿ ಬಿಟ್ಟಳು. ಗಂಜಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತು. "ಗಂಜಿ ಗಂಜಿಯಾಗೇ ಐತಿ. ಸಕ್ಕರಿ ಆಗಿಲ್ಲ" ಎಂದಳು. ಅದೇ ಬಾಟಲಿಯಿಂದ ಅಷ್ಟೇ ಹನಿಯನ್ನು ಉಗುಳಿನ ಲೋಟಕ್ಕೆ ಬಿಟ್ಟಳು. ಒಂದಿಷ್ಟು ಹಳದಿ ಬಿಟ್ಟರೆ ಬೇರೆ ಬಣ್ಣವೇ ಬರಲಿಲ್ಲ.

"ಇಲ್ಲಿ ಗಂಜಿ ಕರಗೈತ್ರಿ ಸರ್."

"ಸಾಹೇಬ್ರ" ಎಂದಳು ಪಕ್ಕೀರವ್ವ, ಬಾಯೊರೆಸಿಕೊಳ್ಳುತ್ತ, "ನಿಮ್ಮ ಎರಡನೇ ಡ್ರಮ್ಮಿಗಿಂತ ನನ್ನ ಉಗುಳು ಛಲೋ ಕೆಲಸ ಮಾಡೈತಿ. ಆ ಡ್ರಮ್ ತರಸ್ರಿ."

ಗಾಳೆಪ್ಪ ಓಡಿ ಹೋಗಿ ಡ್ರಮ್ಮನ್ನು ಉರುಳಿಸಿಕೊಂಡು ಬಂದ. ಬರುತ್ತಲೇ ರುದ್ರಾಕ್ಷಿ ಹಿಡಿದು ಆಣೆ ಮಾಡಿದ. "ನಾ ಹಾಕೀನ್ರಿ. ಅಳತೀ ಪ್ರಕಾರ ನಾಕೂ ಸಲ ಹಾಕೀನಿ. ಇದರಾಗಿಂದ ಹಾಕೀನಿ."

"ನೀ ಹಾಕೀ ಮಾರಾಯ. ಏನ್ ಹಾಕೀ ಅನ್ನೂದ ಪ್ರಶ್ನೆ."

ಮುಚ್ಚಳ ತೆಗೆದರು. ಕಂದು ಬಣ್ಣದ ದ್ರವ. ನೋಡಲು ಎಂಜೈಮಿನ ಹಾಗೇ ಇತ್ತು. ಶಾಂಭವಿ ಒಂದು ಚಮಚ ತೆಗೆದು ಹೊಸ ಲೋಟದ ಗಂಜಿಗೆ ಕಲಸಿ ಬೋಗುಣಿಯಲ್ಲಿಟ್ಟು, ಕಾದು, ಅಯೋಡಿನ್ ಬಿಟ್ಟಳು. ಅಪ್ಪಟ ನೇರಳೆ.

ಜಿಲಾನಸಾಬ ಡ್ರಮ್ಮಿಗೆ ಮೂಗು ಹಚ್ಚಿದ. ಅವನ ಮುಖ ಸಣ್ಣಗಾಯಿತು. ಹೇಳಲೋ ಬೇಡವೋ ಎಂದು ಪಕ್ಕೀರವ್ವನ ಕಡೆ ನೋಡಿದ. ಹೇಳು ಎಂಬಂತೆ ಅವಳು ತಲೆ ಆಡಿಸಿದಳು.

"ಸುಟ್ಟ ಸಕ್ಕರಿ ಪಾಕ ಅಕ್ಕಾ. ಕೇಕಿಗೆ ಬಣ್ಣ ಬರಾಕ ಹಾಕತೀವಿ."

ಮರಿಸ್ವಾಮಿಯ ಕಣ್ಣು ಹೊಳೆಯಿತು. ಮಡಿಸಿದ ಕಾಗದವನ್ನು ಮೇಜಿನ ಮೇಲೆ ಬಡಿದ.

"ಕೇಳಿದ್ರೆಲ್ಲಾರೂ? ಕೇಕಿಗೆ ಹಾಕೋದು. ಈ ಫ್ಯಾಕ್ಟರ್ಯಾಗ ಕೇಕ್ ಮಾಡಾಕ ಬರೂದು ಯಾರಿಗೆ? ವಿಷ ಅಲ್ಲ, ಪಾಕ. ಯೀಸ್ಟ್ ಅಲ್ಲ, ಡ್ರಮ್. ಹೆಸರು ಬದಲಾತು, ಕಳ್ಳ ಅವನ. ಪಕ್ಕೀರವ್ವಾರ, ಭಾಳ ಉಪಕಾರ ಆತು. ನನ್ನ ಕಂಪ್ಲೇಂಟಿಗೆ ಪುರಾವೆ ಇದ್ದಿದ್ದಿಲ್ಲ. ಈಗ ನೀವ ಹುಡುಕಿ ಕೊಟ್ರಿ."

ಗುಂಪಿನಲ್ಲಿ ಗುಸುಗುಸು ಎದ್ದಿತು. ಜಿಲಾನಸಾಬ ಮತ್ತೆ ಬಗ್ಗತೊಡಗಿದ.

"ನೆಟ್ಟಗ ನಿಂದ್ರೋ" ಎಂದಳು ಪಕ್ಕೀರವ್ವ ಅವನ ಕಡೆ ನೋಡದೆ. "ಸಾಹೇಬ್ರ, ನೀವು ಎಂದರ ಬೇಕರ್ಯಾಗ ಕೆಲಸ ಮಾಡೀರೇನು?"

"ಇಲ್ಲ."

"ಜಿಲಾನಿ, ಯೀಸ್ಟ್ ಸಾಯಿಸಬೇಕಂದ್ರ ಏನ್ ಮಾಡಬೇಕು?"

"ಯಾಕಕ್ಕಾ ಅಂಥಾ ಮಾತು?"

"ಹೇಳೋ."

"ಉಪ್ಪು. ಟಾಂಕಿಗೆ ಬಿಡೂ ಮೊದಲ ಸಣ್ಣ ಹಂಡೇದಾಗ ಬೆಳಸ್ತೀವಲಾ, ಆವಾಗ ನಾಕು ಬೊಗಸಿ ಉಪ್ಪು ಬಿದ್ರ ಮುಗೀತು. ಇಲ್ಲಾ, ಹಂಡೆ ಒಂಚೂರು ಹೆಚ್ಚಿಗಿ ಕಾಯಿಸಿದ್ರೂ ಸಾಕು."

"ಆ ಹಂಡೆ ಯಾರ ಕೈಯಾಗಿರತೈತಿ?"

"ನನ್ನ ಕೈಯಾಗ. ನನ್ನ ಬಿಟ್ಟು ಯಾರಿಗೂ ಮುಟ್ಟಗೊಡಂಗಿಲ್ಲ."

ಪಕ್ಕೀರವ್ವ ಮರಿಸ್ವಾಮಿಯ ಹತ್ತಿರ ಬಂದಳು. ಅವನು ಉದ್ದ, ಅವಳು ಗಿಡ್ಡ. ಆದರೂ ಆ ಹೊತ್ತು ಮೇಲಿನಿಂದ ಕೆಳಗೆ ನೋಡಿದವಳು ಅವಳೇ ಎಂದು ಅಲ್ಲಿದ್ದವರು ಇಂದಿಗೂ ಹೇಳುತ್ತಾರೆ.

"ಯೀಸ್ಟ್ ಸಾಯಿಸಾಕ ಇವನಿಗೆ ನಾಕು ಬೊಗಸಿ ಉಪ್ಪು ಸಾಕು. ಹಂಡೆ ಇವನ ಕೈಯಾಗ, ಉಪ್ಪು ಕ್ಯಾಂಟೀನ್ಯಾಗ. ಅದನ್ನ ಬಿಟ್ಟು ಇವನು ಮಣಗಟ್ಟಲೆ ಸಕ್ಕರಿ ಸುಟ್ಟು, ಪಾಕ ಮಾಡಿ, ಬೀಗ ಹಾಕಿದ ಸ್ಟೋರಿನೊಳಗ ಹೊಕ್ಕು, ಡ್ರಮ್ಮಿನ ಎಂಜೈಮ್ ತಗದು, ಪಾಕ ತುಂಬಿ ಬರತಾನ. ಅದೂ ಎಂಥಾ ಪಾಕ, ಯೀಸ್ಟ್ ಬಾಯಿ ಚಪ್ಪರಿಸಿಕೊಂಡು ತಿನ್ನೋ ಪಾಕ. ಕೊಲ್ಲಾಕ ಬಂದಾಂವ ಸಿಹಿ ತಿನಿಸಿ ಹೋಗ್ತಾನೇನ್ರಿ?"

ಗುಂಪಿನಲ್ಲಿ ಯಾರೋ ನಕ್ಕರು. ಆಮೇಲೆ ಎಲ್ಲರೂ ನಕ್ಕರು. ಮರಿಸ್ವಾಮಿ ಗಡಿಯಾರ ನೋಡಿದ.

"ಸ್ಟೋರಿನ ಕೀಲಿ ಇವನಂತ್ಯಾಕ ಐತೇನ್ರಿ?"

"ಇಲ್ಲ" ಎಂದ ಮರಿಸ್ವಾಮಿ ಮೆಲ್ಲಗೆ. "ಸ್ಟೋರ್ ಕೀಪರ್ ಸಿದ್ದಾರ್ಥನಂತ್ಯಾಕ ಒಂದು, ನನ್ನಂತ್ಯಾಕ ಒಂದು."

"ಸಿದ್ದಾರ್ಥ ಎಲ್ಲಿ?"

"ಎರಡು ದಿನ ರಜಾ ಅಂದಿದ್ದ. ಇವತ್ತು ಬರಬೇಕಾಗಿತ್ತು."

ಪಕ್ಕೀರವ್ವ ಆ ಮಾತನ್ನು ಅಕ್ಕಿಕಾಳಿನ ಹಾಗೆ ಒಮ್ಮೆ ಅಗಿದು ನೋಡಿದಳು. ನಂತರ ಕೈ ಚಾಚಿದಳು. "ಆ ಕಾಗದ ಇಲ್ಲಿ ಕೊಡ್ರಿ."

"ಟಾಂಕಿ ಇನ್ನೂ ಉಸಿರಾಡಿಲ್ಲ" ಎಂದ ಮರಿಸ್ವಾಮಿ. "ಉಸಿರಾಡಲಿ, ಕೊಡತೀನಿ. ನಾಕು ಗಂಟಿ ಅಂದ್ರ ನಾಕು ಗಂಟಿ."

"ಆಗಲಿ."

ಆಮೇಲಿನ ಕೆಲಸಕ್ಕೆ ಯಾರೂ ಯಾರಿಗೂ ಹೇಳಬೇಕಾಗಲಿಲ್ಲ. ಮರಿಸ್ವಾಮಿಯ ಕೀಲಿಯಿಂದ ಸ್ಟೋರ್ ತೆರೆದರು. ಎರಡನೆಯ ಎಂಜೈಮಿನ ಡ್ರಮ್ಮುಗಳನ್ನು ಶಾಂಭವಿ ಒಂದೊಂದಾಗಿ ಪರೀಕ್ಷಿಸಿದಳು. ಮೂರು ಪಾಕ ತುಂಬಿದವು. ನಾಲ್ಕನೆಯದರ ಚಮಚ ಬಿದ್ದ ಲೋಟದಲ್ಲಿ ನೇರಳೆ ಬಣ್ಣ ಬರಲೇ ಇಲ್ಲ. ಗಾಳೆಪ್ಪ ಆ ಡ್ರಮ್ಮನ್ನು ಮದುಮಗನ ಹಾಗೆ ಹೆಗಲ ಮೇಲೆ ಹೊತ್ತು ತಂದ. ಹನ್ನೊಂದೂವರೆಗೆ ಅಳತೆಯ ಪ್ರಕಾರ ಟಾಂಕಿಗೆ ಬಿಟ್ಟರು. ಪಂಪು ಹಾಕಿ ತಿರುವಿದರು.

ಜಿಲಾನಸಾಬ ಟಾಂಕಿಯ ತಗಡಿಗೆ ಅಂಗೈ ಹಚ್ಚಿ ನಿಂತ. ಊಟಕ್ಕೆ ಕರೆದರೂ ಹೋಗಲಿಲ್ಲ. ಇಮಾಮಬಾನು ಡಬ್ಬಿ ತಂದು ಅವನ ಬಾಯಿಗೆ ರೊಟ್ಟಿ ಇಟ್ಟರೆ ಅಗಿದ, ನುಂಗಿದ, ಕೈ ತೆಗೆಯಲಿಲ್ಲ.

ಒಂದಾಯಿತು. ಎರಡಾಯಿತು. ಮೂರಾಯಿತು. ಬಕೀಟಿನ ನೀರು ಗಾಜಿನ ಹಾಗೆ ಇತ್ತು. ಮರಿಸ್ವಾಮಿ ಗಾಡಿಯನ್ನು ಬಾಗಿಲಿಗೆ ತರಿಸಿ ನಿಲ್ಲಿಸಿದ.

"ಬಿಸಿ ಹತ್ತತೈತಿ" ಎಂದ ಜಿಲಾನಸಾಬ ಮೂರು ಹತ್ತಕ್ಕೆ. "ಅಕ್ಕಾ, ತಗಡು ಬೆಚ್ಚಗ ಆಗಾಕ ಹತ್ತೈತಿ."

ಮೂರು ಇಪ್ಪತ್ತೈದಕ್ಕೆ ಬಕೀಟಿನಲ್ಲಿ ಒಂದು ಗುಳ್ಳೆ ಎದ್ದಿತು.

ಒಂದೇ. ಎದ್ದು, ಮೇಲೆ ಬಂದು, ಒಡೆಯಿತು. ಮತ್ತೊಂದು ಎದ್ದಿತು. ಅದರ ಬೆನ್ನಿಗೆ ಮೂರು. ಆಮೇಲೆ ಎಣಿಸಲಾಗಲಿಲ್ಲ. ಗುಳುಗುಳು ಎಂಬ ಸದ್ದು ಮೊದಲು ಹುಕ್ಕಾದಂತೆ, ನಂತರ ಸಾಂಬಾರಿನಂತೆ, ನಂತರ ಕಾಲುವೆಗೆ ನೀರು ಬಿಟ್ಟಂತೆ ಏರಿತು. ಬಕೀಟು ನಿಂತಲ್ಲೇ ಕುಣಿಯತೊಡಗಿತು. ನಾಲ್ಕು ಅಡಿ ದೂರ ಕುಣಿದುಕೊಂಡು ಹೋಗಿ ಮರಿಸ್ವಾಮಿಯ ಬೂಟಿನ ಮೇಲೆ ನೀರು ಚೆಲ್ಲಿತು ಎಂದು ಗಾಳೆಪ್ಪ ಹೇಳುತ್ತಾನೆ. ಎರಡು ಅಡಿ ಎಂಬುದನ್ನು ನಾವು ಒಪ್ಪಿಕೊಳ್ಳಬಹುದು.

ಗಾಳೆಪ್ಪ ಜಿಲಾನಸಾಬನನ್ನು ಎತ್ತಿಕೊಂಡೇ ಬಿಟ್ಟ. ಮೂವತ್ತೊಂಬತ್ತು ಮಂದಿ ಶಿಳ್ಳೆ ಹಾಕಿದರು. ಇಮಾಮಬಾನು ಸೆರಗಿನಿಂದ ಕಣ್ಣು ಒರೆಸಿಕೊಂಡು, "ಇಳಸ್ರಿ ಅವರನ್ನ, ಸೊಂಟ ಮೊದಲ ಸರಿ ಇಲ್ಲ" ಎಂದಳು.

ಮರಿಸ್ವಾಮಿ ಒದ್ದೆ ಬೂಟಿನಲ್ಲಿ ನಡೆದು ಬಂದ. ನಾಲ್ಕು ಮಡಿಕೆಯ ಕಾಗದವನ್ನು ಪಕ್ಕೀರವ್ವನ ಕೈಗಿಟ್ಟ. ಆಮೇಲೆ ಜಿಲಾನಸಾಬನ ಎದುರು ನಿಂತು, ಮೊದಲ ಬಾರಿಗೆ ಗಡಿಯಾರ ನೋಡದೆ ಮಾತಾಡಿದ.

"ತಪ್ಪಾತು ಜಿಲಾನಸಾಬ್ರ."

"ಇರಲಿ ಬಿಡ್ರಿ ಸರ್. ಟಾಂಕಿ ಎದ್ದೈತಲ್ಲ, ಸಾಕು."

ಕ್ಯಾಂಟೀನಿನಿಂದ ಮಿರ್ಚಿ ಮಂಡಕ್ಕಿ ಬಂತು. ಪಕ್ಕೀರವ್ವ ದೂರಿನ ಕಾಗದವನ್ನು ಬಿಡಿಸಿ ಅದರ ಮೇಲೆ ಎರಡು ಮಿರ್ಚಿ ಇಟ್ಟು ಮರಿಸ್ವಾಮಿಯ ಮುಂದೆ ಹಿಡಿದಳು. "ತಗೋರಿ ಸಾಹೇಬ್ರ. ನಿಮ್ಮ ಸಹಿ ಮ್ಯಾಲಿಂದು ಭಾಳ ಖಾರ ಐತಿ."

ಜಿಲಾನಸಾಬ ಮಿರ್ಚಿ ಮುಟ್ಟಲಿಲ್ಲ. ಅವನ ಕಣ್ಣು ಆ ಕಡೆಯ ಮೂರು ಟಾಂಕಿಗಳ ಮೇಲಿತ್ತು. ಪುರಾವೆ ಕೆಡಬಾರದೆಂದು ಮರಿಸ್ವಾಮಿ ಅವುಗಳ ಮುಚ್ಚಳಕ್ಕೆ ದಾರ ಸುತ್ತಿ ಅರಗಿನ ಮುದ್ರೆ ಒತ್ತಿಸಿದ್ದ.

"ಅಕ್ಕಾ, ಅವು ಮೂರೂ ಹಿಂಗ ಉಪಾಸ ಬಿದ್ದಾವ. ಹುಳಿ ಬಂದಿರಬಹುದು. ಆದ್ರೂ ಔಷಧ ಹಾಕಿ ನೋಡೋಣು. ಎದ್ದರೂ ಎದ್ದಾವು. ನನ್ನ ಹೆಸರು ಪೂರಾ ತೊಳದಂಗಾಕ್ಕೈತಿ."

ಮರಿಸ್ವಾಮಿ ಒಪ್ಪಿದ. ಒಂದನೆಯ ಟಾಂಕಿಯ ಏಣಿಯನ್ನು ಜಿಲಾನಸಾಬ ಹದಿನೆಂಟರ ಹರೆಯದವನಂತೆ ಹತ್ತಿದ. ಅರಗು ಒಡೆದಿರಲಿಲ್ಲ, ದಾರ ಹರಿದಿರಲಿಲ್ಲ. ಕತ್ತರಿಸಿ, ಮುಚ್ಚಳ ಎತ್ತಿ, ಯೀಸ್ಟಿಗೆ ದಿನಾ ಕೂಗುವ ಹಾಗೆ ಒಳಗೆ ಬಾಗಿ ಕೂಗಿದ.

"ಏಳ್ರೋ ಮಕ್ಳಾ, ಊಟ ಬಂತು."

ಅವನ ದನಿ ಒಳಗೆ ಹೋಗಿ, ಸುತ್ತಿ, ನಾಲ್ಕು ಸಲ ವಾಪಸ್ ಬಂತು.

ತುಂಬಿದ ಟಾಂಕಿ ದನಿಯನ್ನು ತಿರುಗಿ ಕೊಡುವುದಿಲ್ಲ. ಜಿಲಾನಸಾಬ ಮೇಲಿನಿಂದ ಕೆಳಗೆ ನೋಡಿದ. ಖಾಲಿ ಎಂದು ಕೈಸನ್ನೆ ಮಾಡಿದ.

ಪಕ್ಕೀರವ್ವ ಸ್ಟೀಲ್ ಲೋಟ ತೆಗೆದುಕೊಂಡು ಟಾಂಕಿಯ ಬುಡಕ್ಕೆ ಬಡಿದಳು. ಠಣ್. ಮೊಣಕಾಲೆತ್ತರಕ್ಕೆ ಬಡಿದಳು. ಠಣ್. ಎರಡು ಲಕ್ಷ ಲೀಟರ್ ಗಂಜಿ, ಮೇಲಿನ ಮುದ್ರೆ ಒಡೆಯದೆ, ಮಾಯವಾಗಿತ್ತು.

"ಅಂದ್ರ ಇದ ಲೆಕ್ಕ" ಎಂದಳು ಮೆಲ್ಲಗೆ. "ಸಾಯಿಸಾಕ ಬಂದಾಂವ ಅಲ್ಲ. ಸತ್ತೈತಿ ಅಂತ ನಂಬಸಾಕ ಬಂದಾಂವ. ಸತ್ತದ್ದನ್ನ ಯಾರೂ ಹೊಳ್ಳಿ ಅಳೆಯಂಗಿಲ್ಲ. ಬುಡದ ನಲ್ಲಿಯಿಂದ ಇಳಿಸಿಕೊಂಡು ಒಯ್ದು, ಇಲ್ಲಿಂದ ಕದ್ದ ಎಂಜೈಮ್ ಅಲ್ಲಿ ಹಾಕ್ಯಾನ. ಎಲ್ಲೋ ಒಂದು ಕಡೆ ನಮ್ಮ ಗಂಜಿ ಯಾರಿಗೂ ಹೇಳದಂಗ ಸ್ಪಿರಿಟ್ ಆಗಾಕ ಹತ್ತೈತಿ."

ಎರಡನೆಯ ಟಾಂಕಿಗೆ ಬಡಿದಳು. ಠಣ್. ಅದೂ ಖಾಲಿ.

ಗಾಳೆಪ್ಪ, ಶಾಂಭವಿ, ಮರಿಸ್ವಾಮಿ ಅವಳ ಹಿಂದೆ ಸಾಲಾಗಿ ಬಂದರು. ಕೈಯಲ್ಲಿನ ಮಿರ್ಚಿ ತಣ್ಣಗಾಗಿದ್ದವು.

ಮೂರನೆಯ ಟಾಂಕಿಯ ಬುಡದಲ್ಲಿ, ತೊಳೆಯುವವರು ಒಳಗೆ ಹೋಗುವ ಸಣ್ಣ ಬಾಗಿಲಿನ ಮೇಲೆ, ಲೋಟದಿಂದ ಎರಡು ಸಲ ಬಡಿದಳು.

ಒಳಗಿನಿಂದ ಯಾರೋ ಎರಡು ಸಲ ತಿರುಗಿ ಬಡಿದರು.